ಖಗೋಳ ಸಂಶೋಧನೆಗೆ ಕೊಲಾಬಾವೋ ಪುಣೆಯೋ?

ಮುಂಬಯಿ, ಪುಣೆಗಳ ಕನ್ನಡ ಮನೆಗಳಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ.ಗೆ ಹೊರಟವರ ಮುಂದೆ ಎರಡು ದಾರಿಗಳಿವೆ: ದಕ್ಷಿಣ ಮುಂಬಯಿಯ ಕೊಲಾಬಾದಲ್ಲಿರುವ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ), ಇಲ್ಲವೇ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿರುವ ಅಯೂಕಾ (ಖಗೋಳವಿಜ್ಞಾನದ ಅಂತರ-ವಿಶ್ವವಿದ್ಯಾಲಯ ಕೇಂದ್ರ) ಮತ್ತು ಎನ್‌ಸಿಆರ್‌ಎ (ರಾಷ್ಟ್ರೀಯ ರೇಡಿಯೋ ಖಗೋಳ ಭೌತಶಾಸ್ತ್ರ ಕೇಂದ್ರ).

1945ರಲ್ಲಿ ಹೋಮಿ ಭಾಭಾ ಸ್ಥಾಪಿಸಿದ ಟಿಐಎಫ್‌ಆರ್‌ನ ಬಲವಿರುವುದು ಅದರ ವ್ಯಾಪ್ತಿಯಲ್ಲಿ. ಕಣಭೌತಶಾಸ್ತ್ರ, ಘನವಸ್ತು ಭೌತಶಾಸ್ತ್ರ, ಗಣಿತ, ಜೀವಶಾಸ್ತ್ರಗಳೆಲ್ಲ ಒಂದೇ ಸೂರಿನಡಿ ಇರುವುದರಿಂದ ವಿಷಯ ಇನ್ನೂ ನಿಶ್ಚಯವಾಗದವರಿಗೆ ಇದು ಅನುಕೂಲ. 2015ರಲ್ಲಿ ಹಾರಿದ ಭಾರತದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನ ಎಕ್ಸ್‌-ಕಿರಣ ಉಪಕರಣಗಳ ನಿರ್ಮಾಣದಲ್ಲಿ ಈ ಸಂಸ್ಥೆಯದು ದೊಡ್ಡ ಪಾಲು. ಉಪಕರಣ ಕಟ್ಟುವ ಕೈಯುಳ್ಳವರು ಇದನ್ನು ಗಮನಿಸಬೇಕು.

ಖಗೋಳವೇ ಬೇಕೆಂದು ನಿರ್ಧರಿಸಿದವರಿಗೆ ಪುಣೆಯೇ ಮೇಲೆಂದು ನನ್ನ ಅಭಿಪ್ರಾಯ. ಖಗೋಳವಿಜ್ಞಾನಿ ಜಯಂತ ನಾರ್ಳೀಕರರು 1988ರಲ್ಲಿ ಕಟ್ಟಿದ ಅಯೂಕಾದಲ್ಲಿ ವಿಶ್ವವಿಜ್ಞಾನ, ಗುರುತ್ವ ಅಲೆಗಳ ಅಧ್ಯಯನ ಗಟ್ಟಿಯಾಗಿದೆ. ಪಕ್ಕದ ಎನ್‌ಸಿಆರ್‌ಎ (ಇದೂ ಟಿಐಎಫ್‌ಆರ್‌ನದೇ ಅಂಗ) ನಾರಾಯಣಗಾಂವ್ ಬಳಿಯ ಖೋಡದ್‌ನಲ್ಲಿ ಆಕಾಶದಿಂದ ಬರುವ ರೇಡಿಯೋ ತರಂಗಗಳನ್ನು ಹಿಡಿಯುವ ಜಿಎಂಆರ್‌ಟಿ ದೂರದರ್ಶಕವನ್ನು ನಡೆಸುತ್ತದೆ. ಅಲ್ಲಿ 45 ಮೀಟರ್ ವ್ಯಾಸದ, ತಟ್ಟೆಯಾಕಾರದ 30 ಆಂಟೆನಾಗಳಿವೆ. 14 ಮಧ್ಯದಲ್ಲಿ ಒತ್ತಾಗಿ, ಉಳಿದವು ಮೂರು ತೋಳುಗಳಾಗಿ ಸುಮಾರು 25 ಕಿಲೋಮೀಟರ್ ಹರವಿನಲ್ಲಿ ಚದುರಿವೆ. ಹಿಡಿಯುವ ತರಂಗಗಳು ಉದ್ದವಾದ್ದರಿಂದ ತಟ್ಟೆಗೆ ಗಟ್ಟಿ ಲೋಹದ ಹಾಳೆ ಬೇಕಿಲ್ಲ, ತೆಳು ಉಕ್ಕಿನ ತಂತಿಯ ಜಾಲರಿ ಸಾಕು. ಗಾಳಿ ಅದರ ನಡುವೆ ಹಾದುಹೋಗುವುದರಿಂದ ಭಾರವೂ ಖರ್ಚೂ ತಗ್ಗಿದವು. ವಿದ್ಯಾರ್ಥಿಗೆ ಇಂಥ ದತ್ತಾಂಶ ಹತ್ತಿರದಲ್ಲೇ ಸಿಗುವುದು ಸಣ್ಣ ಮಾತಲ್ಲ. ಅಯೂಕಾ, ಎನ್‌ಸಿಆರ್‌ಎ ಎರಡರ ಆರಂಭಿಕ ತರಗತಿಗಳು ಜಂಟಿಯಾಗಿ ನಡೆಯುತ್ತವೆ.

ಹಾಸ್ಟೆಲ್ ಬಿಟ್ಟು ಹೊರಗಿರುವವರಿಗೆ ದಕ್ಷಿಣ ಮುಂಬಯಿಯ ಬಾಡಿಗೆ ದುಬಾರಿ, ಪುಣೆ ಅಷ್ಟಿಲ್ಲ.