ಮೇಟನ್, ಕೋಲ್ ಕ್ಲಾರ್ಕ್ ಗಿಟಾರ್‌ಗಳು: ವರ್ಷಗಟ್ಟಲೆ ನುಡಿಸಿದ ಮೇಲೆ ನನ್ನ ಅಭಿಪ್ರಾಯ

ಆಸ್ಟ್ರೇಲಿಯಾದಲ್ಲಿ ತಯಾರಾಗುವ ಅಕೌಸ್ಟಿಕ್ ಗಿಟಾರ್ ಅಂದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಎರಡು ಹೆಸರು. ಒಂದು ಮೇಟನ್, ಇನ್ನೊಂದು ಕೋಲ್ ಕ್ಲಾರ್ಕ್. ಎರಡೂ ಮೆಲ್ಬರ್ನ್‌ನವೇ. ನಾನಿರುವುದೂ ಇದೇ ಊರಲ್ಲಿ, ಎರಡೂ ಗಿಟಾರ್ ನನ್ನ ಹತ್ತಿರ ಇವೆ, ಎರಡನ್ನೂ ವಾರವಾರವೂ ನುಡಿಸುತ್ತೇನೆ. ಬೆಂಗಳೂರು, ಮೈಸೂರಿನ ಗೆಳೆಯರು ಇಲ್ಲಿಗೆ ಬರುವ ಮೊದಲು "ಯಾವುದು ತಗೊಳ್ಳಲಿ?" ಅಂತ ಮೆಸೇಜ್ ಮಾಡುತ್ತಿರುತ್ತಾರೆ. ಅವರಿಗೆಲ್ಲ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಈ ಗಿಟಾರ್‌ಗಳಿಗೆ ಕೊಡುವ ದುಡ್ಡಿನ ಬೆಲೆ ಪೂರ್ತಿ ಗೊತ್ತಾಗುವುದು ಕೇಬಲ್ ಹಾಕಿ ಆಂಪ್‌ಗೋ ಸ್ಪೀಕರ್‌ಗೋ ಜೋಡಿಸಿದ ಮೇಲೆ. ವೇದಿಕೆಯಲ್ಲಿ ನುಡಿಸುವವರಿಗೆ ಒಂದೊಂದು ಡಾಲರೂ ಸಾರ್ಥಕ. ಮನೆಯಲ್ಲಿ, ಪ್ಲಗ್ ಇಲ್ಲದೆ ಮಾತ್ರ ನುಡಿಸುವವರು ಎರಡು ಸಲ ಯೋಚಿಸಬೇಕು.

ಹಿನ್ನೆಲೆ ಸ್ವಲ್ಪ ಗೊತ್ತಿದ್ದರೆ ಒಳ್ಳೆಯದು. ಮೇಟನ್ ಶುರುವಾಗಿದ್ದು 1946ರಲ್ಲಿ. ಕಟ್ಟಿದವರು ಬಿಲ್ ಮೇ, ಜಾಝ್ ನುಡಿಸುತ್ತಿದ್ದವರು, ಮರಗೆಲಸ ಕಲಿಸುತ್ತಿದ್ದವರು. ಒಳ್ಳೆಯ ಗಿಟಾರ್ ಅಂದರೆ ಅಮೆರಿಕದಿಂದಲೇ ಬರಬೇಕು ಅಂತಿದ್ದ ಕಾಲದಲ್ಲಿ ಇಲ್ಲೇ, ಇಲ್ಲಿನ ಮರದಲ್ಲೇ ಮಾಡಲು ಹೊರಟರು. ಈಗ ಬಾಕ್ಸ್ ಹಿಲ್‌ನಲ್ಲಿ ಅವರ ಕಾರ್ಖಾನೆ ಇದೆ. ಆಸ್ಟ್ರೇಲಿಯಾದ ಹೆಸರಾಂತ ಗಿಟಾರ್ ವಾದಕ ಟಾಮಿ ಇಮ್ಯಾನುಯೆಲ್ ಕೈಯಲ್ಲಿ ನೀವು ನೋಡುವ ಗಿಟಾರ್ ಇವರದೇ. ಕೋಲ್ ಕ್ಲಾರ್ಕ್ ಹೊಸಬರು, 2001ರಲ್ಲಿ ಶುರು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಬ್ರ್ಯಾಡ್ಲಿ ಕ್ಲಾರ್ಕ್ ಮೊದಲು ಮೇಟನ್‌ನಲ್ಲೇ ಕೆಲಸ ಮಾಡಿದ್ದವರು. ಹಾಗಾಗಿ ಎರಡರ ನಡುವೆ ಒಂದು ನಂಟು ಇದೆ. ಆದರೆ ನಾದದ ವಿಷಯದಲ್ಲಿ ಇಬ್ಬರ ದಾರಿಯೂ ಬೇರೆ ಬೇರೆ.

ನನ್ನ ಹತ್ತಿರ ಇರುವುದು ಮೇಟನ್ ಇಬಿಜಿ808ಟಿಇ ಮತ್ತು ಕೋಲ್ ಕ್ಲಾರ್ಕ್ ಏಂಜೆಲ್ 2. ಮೇಟನ್‌ಗೆ ಮುಂದಿನ ಹಲಗೆ ಸಿಟ್ಕಾ ಸ್ಪ್ರೂಸ್, ಹಿಂದೆ ಮತ್ತು ಪಕ್ಕಕ್ಕೆ ಕ್ವೀನ್ಸ್‌ಲ್ಯಾಂಡ್ ಮೇಪಲ್. ಏಂಜೆಲ್‌ಗೆ ಮುಂದೆ ಬನ್ಯಾ, ಹಿಂದೆ ಬ್ಲ್ಯಾಕ್‌ವುಡ್. ಎರಡಕ್ಕೂ ಒಂದೇ ಕಂಪನಿಯ, ಒಂದೇ ದಪ್ಪದ (12-53) ಫಾಸ್ಫರ್ ಬ್ರಾಂಜ್ ತಂತಿ ಹಾಕುತ್ತೇನೆ. ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ, ಅಲ್ವಾ? ನುಡಿಸುವುದು ಹೆಚ್ಚಾಗಿ ಭಾವಗೀತೆಗೆ ಪಕ್ಕವಾದ್ಯವಾಗಿ, ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ. ಉಳಿದಂತೆ ಮನೆಯಲ್ಲಿ ಫಿಂಗರ್‌ಪಿಕಿಂಗ್, ಅಂದರೆ ಬೆರಳಿನಿಂದ ತಂತಿ ಮೀಟಿ ನುಡಿಸುವುದು.

ಮೊದಲು ಪ್ಲಗ್ ಇಲ್ಲದೆ. 808 ಸಣ್ಣ ಮೈಯ ಗಿಟಾರ್. ತಂತಿ ಮೀಟಿದ ತಕ್ಷಣ ಸ್ವರ ಎದ್ದು ನಿಲ್ಲುತ್ತದೆ, ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ವೇಗವಾಗಿ ನುಡಿಸಿದರೂ ಪ್ರತಿ ಸ್ವರ ಬಿಡಿಬಿಡಿಯಾಗಿ ಕೇಳುತ್ತದೆ. ಮಧ್ಯದ ಸ್ವರಗಳು ಗಟ್ಟಿ. ಆದರೆ ಮಂದ್ರ ತುಂಬಿ ಬರುವುದಿಲ್ಲ. ದೊಡ್ಡ ಡ್ರೆಡ್‌ನಾಟ್ ಗಿಟಾರಿನ ಗುಂಯ್ ಅನ್ನುವ ಕೆಳದನಿ ಇಷ್ಟಪಡುವವರಿಗೆ ಇದು ಒಣ ಅನ್ನಿಸಬಹುದು. ಏಂಜೆಲ್ ಇದಕ್ಕಿಂತ ಮೃದು. ಬ್ಲ್ಯಾಕ್‌ವುಡ್‌ನಿಂದ ಒಂದು ಬೆಚ್ಚಗಿನ ಗುಣ ಬರುತ್ತದೆ, ಸ್ವರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ.

ಇದು ಸರಿಯಾಗಿ ಗೊತ್ತಾಗುವುದು ಕೇಪೋ (ಶ್ರುತಿ ಏರಿಸಲು ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್) ಹಾಕಿದಾಗ. ನಮ್ಮ ಗಾಯಕಿಯರಲ್ಲಿ ಒಬ್ಬರ ಶ್ರುತಿ ಐದೂವರೆ ಮನೆ. ನಾನು ನಾಲ್ಕನೇ ಫ್ರೆಟ್‌ಗೆ (ಗಿಟಾರ್ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಕೇಪೋ ಹಾಕಿ ಇ ಕಾರ್ಡ್‌ನ ಆಕಾರದಲ್ಲಿ ನುಡಿಸುತ್ತೇನೆ. ಅಷ್ಟು ಮೇಲಕ್ಕೆ ಹೋದಾಗ ತಂತಿ ಗಿಡ್ಡವಾಗಿ ನಾದ ತೆಳ್ಳಗಾಗುವುದು ಸಹಜ. ಅಲ್ಲಿ ಮೇಟನ್ ಚೂಪಾಗುತ್ತದೆ, ಏಂಜೆಲ್ ತುಂಬು ದನಿ ಉಳಿಸಿಕೊಳ್ಳುತ್ತದೆ. ನಿಧಾನದ ಹಾಡಿಗೆ, ಸಾಹಿತ್ಯದ ಒಂದೊಂದು ಪದಕ್ಕೂ ಜಾಗ ಬಿಡಬೇಕಾದ ಕಡೆ, ನನ್ನ ಕೈ ತಾನಾಗಿ ಏಂಜೆಲ್ ಕಡೆ ಹೋಗುತ್ತದೆ.

ಮರದ ವಿಷಯ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಆಸ್ಟ್ರೇಲಿಯಾದ ಗಿಟಾರ್ ಕೊಳ್ಳುವುದಕ್ಕೆ ನನಗೆ ಸಿಕ್ಕ ದೊಡ್ಡ ಕಾರಣವೇ ಇದು. ಬನ್ಯಾ ಕ್ವೀನ್ಸ್‌ಲ್ಯಾಂಡ್ ಕಡೆಯ ದೈತ್ಯ ಮರ. ಅದರ ಒಂದೊಂದು ಕಾಯಿ ಹತ್ತು ಕಿಲೋವರೆಗೂ ತೂಗುತ್ತದೆ. ಅಲ್ಲಿನ ಮೂಲನಿವಾಸಿಗಳು ಆ ಕಾಯಿ ಬಿಡುವ ಕಾಲಕ್ಕೆ ದೂರದೂರದಿಂದ ಬಂದು ಸೇರುತ್ತಿದ್ದರು. ಕೋಲ್ ಕ್ಲಾರ್ಕ್ ಮುಂದಿನ ಹಲಗೆಗೆ ಈ ಮರವನ್ನು ದೊಡ್ಡ ಮಟ್ಟದಲ್ಲಿ ಬಳಸುತ್ತದೆ. ಮೇಟನ್ ಕೂಡ ಕೆಲವು ಮಾದರಿಗಳಿಗೆ ಬಳಸಿದೆ. ಸ್ಪ್ರೂಸ್‌ಗಿಂತ ಇದು ಗಟ್ಟಿ ಅನ್ನಿಸುತ್ತದೆ, ಜೋರಾಗಿ ಸ್ಟ್ರಮ್ ಮಾಡಿದರೂ ನಾದ ಚದುರುವುದಿಲ್ಲ. ಬ್ಲ್ಯಾಕ್‌ವುಡ್ ಅಕೇಶಿಯಾ ಜಾತಿಯದು. ಹವಾಯಿಯ ಕೋವಾ ಮರಕ್ಕೆ ಹತ್ತಿರದ ನೆಂಟ. ನೀಲಗಿರಿಯಲ್ಲಿ ಬ್ರಿಟಿಷರು ತಂದು ನೆಟ್ಟ ಆಸ್ಟ್ರೇಲಿಯಾದ ಅಕೇಶಿಯಾಗಳಲ್ಲಿ ಇದೂ ಒಂದು. ಕ್ವೀನ್ಸ್‌ಲ್ಯಾಂಡ್ ಮೇಪಲ್ ನಿಜವಾದ ಮೇಪಲ್ ಕುಟುಂಬದ್ದಲ್ಲ. ಗುಣದಲ್ಲಿ ಅದು ಮಹೋಗನಿಗೆ ಹತ್ತಿರ.

ಕೊಡಗು, ಚಿಕ್ಕಮಗಳೂರಿನವರಿಗೆ ಇನ್ನೊಂದು ವಿಷಯ ಹೇಳಬೇಕು. ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸಿ ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್ ಇದೆಯಲ್ಲ, ಅದು ಮೂಲದಲ್ಲಿ ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಮರ. ಇಲ್ಲಿ ಸಿಲ್ಕಿ ಓಕ್ ಅಂತ ಕರೆಯುವ ಮರಗಳ ಗುಂಪಿಗೆ ಸೇರಿದ್ದು. ಕೋಲ್ ಕ್ಲಾರ್ಕ್ ಸಿಲ್ಕಿ ಓಕ್‌ನಲ್ಲೂ ಗಿಟಾರ್ ಮಾಡುತ್ತದೆ. ಅದೇ ರೀತಿ, ಇಂಡಿಯನ್ ರೋಸ್‌ವುಡ್ ಅಂತ ಜಗತ್ತಿನ ಗಿಟಾರ್ ಅಂಗಡಿಗಳೆಲ್ಲ ಹೇಳುವುದು ನಮ್ಮ ಮಲೆನಾಡಿನ ಬೀಟೆಯನ್ನೇ. 2017ರ ಜನವರಿಯಲ್ಲಿ ಎಲ್ಲ ರೋಸ್‌ವುಡ್ ಜಾತಿಗಳನ್ನೂ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ತಂದಾಗ ಗಿಟಾರ್ ಕಂಪನಿಗಳಿಗೆ ಕಾಗದಪತ್ರದ ಕಾಟ ಹೆಚ್ಚಾಯಿತು. ತಯಾರಾಗಿ ಮುಗಿದ ವಾದ್ಯಗಳಿಗೆ 2019ರ ಕೊನೆಯಲ್ಲಿ ವಿನಾಯಿತಿ ಸಿಕ್ಕಿತು. ಸ್ಥಳೀಯ ಮರ ನಂಬಿದವರಿಗೆ ಆ ಚಿಂತೆ ಕಡಿಮೆ ಇತ್ತು. ಕಾಡು ಬರಿದಾಗದ ಹಾಗೆ ಗಿಟಾರ್ ಮಾಡುವುದು ನನಗೆ ತುಂಬ ಮುಖ್ಯ. ಅದಕ್ಕೆ ನಾನು ಸ್ವಲ್ಪ ಹೆಚ್ಚು ದುಡ್ಡು ಕೊಡಲೂ ತಯಾರು.

ಈಗ ಪ್ಲಗ್ ಹಾಕೋಣ. ಮೇಟನ್‌ನ ಎಪಿ5 ಪ್ರೊ ವ್ಯವಸ್ಥೆಯಲ್ಲಿ ಸ್ಯಾಡಲ್ (ತಂತಿಗಳು ಕೂರುವ ಸಣ್ಣ ಪಟ್ಟಿ) ಕೆಳಗೆ ಒಂದು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ), ಗಿಟಾರ್ ಒಳಗೆ ಒಂದು ಸಣ್ಣ ಮೈಕ್. ಕೋಲ್ ಕ್ಲಾರ್ಕ್‌ನಲ್ಲಿ ಮೂರು ದಾರಿ: ಮಂದ್ರಕ್ಕೆ ಸ್ಯಾಡಲ್ ಕೆಳಗಿನ ಪಿಕಪ್, ಮಧ್ಯಕ್ಕೆ ಮುಂದಿನ ಹಲಗೆಗೆ ಅಂಟಿಸಿದ ಸೆನ್ಸರ್, ತಾರಕ್ಕೆ ಒಳಗಿನ ಮೈಕ್. ಯಾವುದು ಎಷ್ಟು ಬೇಕೋ ಬೆರೆಸಿಕೊಳ್ಳಬಹುದು.

ಒಂದು ರಾಜ್ಯೋತ್ಸವ ಕಾರ್ಯಕ್ರಮ. ಶಾಲೆಯೊಂದರ ಸಭಾಂಗಣ, ಮರದ ನೆಲ, ಮಾತಾಡಿದರೂ ಪ್ರತಿಧ್ವನಿ. ನನ್ನ ಎಡಗಡೆ ತಬಲಾ, ಕಾಲಿನ ಹತ್ತಿರ ಮಾನಿಟರ್, ಅಂದರೆ ನುಡಿಸುವವರಿಗೆ ತಮ್ಮ ಸದ್ದು ಕೇಳಿಸುವ ಸ್ಪೀಕರ್. ಸೌಂಡ್ ಚೆಕ್‌ಗೆ ಸಿಕ್ಕಿದ್ದು ಒಂದು ಹಾಡಿನಷ್ಟು ಸಮಯ. ಮೇಟನ್‌ಗೆ ಕೇಬಲ್ ಹಾಕಿದೆ. ಬಾಸ್, ಟ್ರೆಬಲ್ ಎಲ್ಲ ಮಧ್ಯಕ್ಕೆ, ಮೈಕ್ ಗುಂಡಿ ಕಾಲು ಭಾಗ. ಮಿಕ್ಸರ್ ಮುಂದೆ ಕೂತಿದ್ದ ಹುಡುಗ ತಲೆ ಎತ್ತಿ "ಸಾರ್, ಇದಕ್ಕೆ ನಾನೇನೂ ಮಾಡಬೇಕಾಗಿಲ್ಲ" ಅಂದ. ಹಾಡು ಮುಗಿಯುವವರೆಗೂ ಸ್ಪೀಕರ್ ಒಂದು ಸಲವೂ ಕುಂಯ್ ಅಂತ ಕೂಗಲಿಲ್ಲ. ತಬಲಾದ ಡಗ್ಗ, ಹಾರ್ಮೋನಿಯಂ, ಎರಡು ಕಂಠ, ಇಷ್ಟರ ನಡುವೆಯೂ ಗಿಟಾರ್ ತನ್ನ ಜಾಗದಲ್ಲಿ ಸ್ಪಷ್ಟವಾಗಿ ಕೇಳಿಸಿತು. ಮನೆಯಲ್ಲಿ ಒಣ ಅನ್ನಿಸಿದ ಅದೇ ಗುಣ ಇಲ್ಲಿ ವರ. ಮಂದ್ರ ಉಕ್ಕದ ಕಾರಣ ಗಾಯಕಿಯ ದನಿಗೆ ಅಡ್ಡ ಬರುವುದಿಲ್ಲ.

ಅದೇ ಸಭಾಂಗಣದಲ್ಲಿ ಏಂಜೆಲ್ ಕೂಡ ನುಡಿಸಿದ್ದೇನೆ. ಅಲ್ಲಿ ಮೈಕ್ ಜಾಸ್ತಿ ಮಾಡಿದರೆ ತಬಲಾದ ಸದ್ದೂ ಗಿಟಾರ್ ಮೂಲಕ ಮಾನಿಟರ್‌ಗೆ ಬರುತ್ತದೆ. ಒಳಗೆ ಮೈಕ್ ಇರುವ ಯಾವ ಗಿಟಾರ್‌ಗೂ ಇದು ಸಹಜ. ಮೈಕ್, ಸೆನ್ಸರ್ ಬೆರೆಸುವ ಬ್ಲೆಂಡ್ ಗುಂಡಿಯನ್ನು ಸೆನ್ಸರ್ ಕಡೆಗೆ ತಿರುಗಿಸಿದರೆ ಸರಿಹೋಗುತ್ತದೆ. ಆದರೆ ಅದಕ್ಕೆ ಸ್ವಲ್ಪ ಸಮಯ ಬೇಕು, ಕಿವಿ ಬೇಕು. ಅದೇ ಗಿಟಾರನ್ನು ಯಾರದೋ ಮನೆಯ ಹಾಲ್‌ನಲ್ಲಿ, ಮೂವತ್ತು ನಲವತ್ತು ಜನ ಕೂತ ಬೈಠಕ್‌ನಲ್ಲಿ, ಮೈಕ್ ಪೂರ್ತಿ ಏರಿಸಿ ನುಡಿಸಿ ನೋಡಿ. ಉಗುರು ತಂತಿಗೆ ತಾಗುವ ಸಣ್ಣ ಸದ್ದು, ಬೆರಳು ಜಾರುವ ಸದ್ದು, ಹಲಗೆ ಮೇಲೆ ಅಂಗೈ ತಟ್ಟಿದ ಪೆಟ್ಟು, ಎಲ್ಲವೂ ಸ್ಪೀಕರ್‌ನಲ್ಲಿ ಇದ್ದ ಹಾಗೇ ಬರುತ್ತದೆ. ಪಿಕಪ್ ಹಾಕಿದ ಗಿಟಾರ್ ಇಷ್ಟು ಸಹಜವಾಗಿ ಕೇಳಿಸಿದ್ದು ನಾನು ಬೇರೆ ಕಡೆ ಕಂಡಿಲ್ಲ.

ಸ್ಯಾಡಲ್ ಬಗ್ಗೆ ಒಂದು ಎಚ್ಚರಿಕೆ. ತಂತಿ ಸ್ವಲ್ಪ ಇಳಿಸಿಕೊಡಿ ಅಂತ ಒಂದು ರಿಪೇರಿ ಅಂಗಡಿಗೆ ಗಿಟಾರ್ ಕೊಟ್ಟಿದ್ದೆ. ಅವರು ಸ್ಯಾಡಲ್‌ನ ತಳ ಉಜ್ಜಿದರು, ಆದರೆ ಸಮತಟ್ಟು ಮಾಡಲಿಲ್ಲ. ಪ್ಲಗ್ ಇಲ್ಲದೆ ನುಡಿಸಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಕೇಬಲ್ ಹಾಕಿದರೆ ಎರಡನೇ ತಂತಿ ಮಾತ್ರ ಸೊರಗಿದ ಹಾಗೆ. ಈ ಪಿಕಪ್ ಕೆಲಸ ಮಾಡುವುದೇ ಒತ್ತಡದ ಮೇಲೆ, ತಳದಲ್ಲಿ ಕೂದಲೆಳೆ ಸಂದಿ ಇದ್ದರೂ ಆ ತಂತಿಯ ದನಿ ಕುಗ್ಗುತ್ತದೆ. ಇನ್ನೊಬ್ಬ ಒಳ್ಳೆಯ ಲೂಥಿಯರ್ (ಗಿಟಾರ್ ಮಾಡುವ, ರಿಪೇರಿ ಮಾಡುವ ಕುಶಲಕರ್ಮಿ) ಹತ್ತು ನಿಮಿಷದಲ್ಲಿ ತಳ ಸಮ ಮಾಡಿ ಕೊಟ್ಟರು. ಸೆಟಪ್ ಮಾಡಿಸಿದ ಮೇಲೆ ಅಂಗಡಿಯಲ್ಲೇ ಆಂಪ್‌ಗೆ ಹಾಕಿ ಆರೂ ತಂತಿ ಕೇಳಿಯೇ ದುಡ್ಡು ಕೊಡಿ.

ಹವೆ ಕೂಡ ಲೆಕ್ಕಕ್ಕೆ ಬರುತ್ತದೆ. ಮೆಲ್ಬರ್ನ್ ಚಳಿಗಾಲದಲ್ಲಿ ಮನೆಯೊಳಗೆ ಹೀಟರ್, ಬೇಸಿಗೆಯಲ್ಲಿ ಉತ್ತರದಿಂದ ಬೀಸುವ ಒಣ ಬಿಸಿಗಾಳಿ. ಪ್ಲೈವುಡ್ ಇಲ್ಲದ, ಪೂರ್ತಿ ಘನ ಮರದ ಗಿಟಾರ್‌ಗೆ ಶೇಕಡಾ 45ರಿಂದ 55ರ ತೇವಾಂಶ ಹಿತ. ಕೇಸ್‌ನಲ್ಲಿ ತೇವಾಂಶದ ಪ್ಯಾಕೆಟ್ ಇಟ್ಟು ಮುಚ್ಚಿಡುತ್ತೇನೆ. ಮಂಗಳೂರು, ಉಡುಪಿಯ ಮಳೆಗಾಲಕ್ಕೆ ಒಯ್ಯುವವರಿಗೆ ಸಮಸ್ಯೆ ಉಲ್ಟಾ. ಅಲ್ಲಿ ಹಲಗೆ ಉಬ್ಬಿ ತಂತಿ ಮೇಲೇಳುತ್ತದೆ.

ಇನ್ನು ದುಡ್ಡು. ಇಲ್ಲೇ ತಯಾರಾದ ಮೇಟನ್ ಅಥವಾ ಕೋಲ್ ಕ್ಲಾರ್ಕ್ ಹೊಸದು ಬೇಕೆಂದರೆ ಸುಮಾರು 2,000 ಆಸ್ಟ್ರೇಲಿಯನ್ ಡಾಲರ್ ಆಸುಪಾಸಿನಿಂದ ಲೆಕ್ಕ ಶುರು. ನನ್ನ ಹತ್ತಿರ ಇರುವಂಥವು 3,000 ದಾಟುತ್ತವೆ. ಆಸ್ಟ್ರೇಲಿಯಾದ ಒಳಗೆ ಇದು ನ್ಯಾಯವಾದ ಬೆಲೆ, ಯಾಕೆಂದರೆ ಅದೇ ಮಟ್ಟದ ಅಮೆರಿಕದ ಗಿಟಾರ್‌ಗೆ ಇಲ್ಲಿ ಇನ್ನೂ ಜಾಸ್ತಿ ಕೊಡಬೇಕು. ಕೋಲ್ ಕ್ಲಾರ್ಕ್ ಕೊಳ್ಳುವವರಿಗೆ ನಾನು ಹೇಳುವುದು ಇಷ್ಟು: 1, 2, 3 ಅನ್ನುವ ಶ್ರೇಣಿಗಳ ನಡುವಿನ ವ್ಯತ್ಯಾಸ ಮುಖ್ಯವಾಗಿ ಮರದ ಅಂದ ಮತ್ತು ಅಲಂಕಾರದ್ದು. ನಾದಕ್ಕಾಗಿಯೇ ಕೊಳ್ಳುವುದಾದರೆ 1ನೇ ಶ್ರೇಣಿ ಸಾಕು. ಮೇಟನ್‌ನಲ್ಲಿ ಎಸ್ಆರ್‌ಎಸ್ ಶ್ರೇಣಿ ನೋಡಿ. ಪೂರ್ತಿ ಘನ ಮರ, ಅಲಂಕಾರ ಕಡಿಮೆ, ಕೆಲಸದ ಗಿಟಾರ್. ಈಗ ತಾನೇ ಕಲಿಯುತ್ತಿರುವವರು ಎರಡನ್ನೂ ಬಿಡಿ. ಒಂದು ಯಮಾಹಾ ತಗೊಂಡು ಒಂದೆರಡು ವರ್ಷ ನುಡಿಸಿ, ಆಮೇಲೆ ನೋಡೋಣ.

ಒಂದನ್ನೇ ಇಟ್ಟುಕೊಳ್ಳಬೇಕು ಅಂದರೆ? ಊರೂರು ಸುತ್ತಿ, ಗುರುತಿಲ್ಲದ ಸೌಂಡ್ ವ್ಯವಸ್ಥೆಯಲ್ಲಿ ನುಡಿಸುವವರಿಗೆ ಮೇಟನ್ 808. ಸಣ್ಣ ಸಭೆ, ಭಾವಗೀತೆ, ರೆಕಾರ್ಡಿಂಗ್ ಹೆಚ್ಚು ಇರುವವರಿಗೆ ಏಂಜೆಲ್. ನಾನಾದರೆ ಏಂಜೆಲ್ ಉಳಿಸಿಕೊಳ್ಳುತ್ತೇನೆ.

ಊರಿನಿಂದ ಬಂದು ಕೊಂಡು ಹೋಗುವವರು ಬಿಲ್ ಜೋಪಾನ ಮಾಡಿ. ಒಂದೇ ಅಂಗಡಿಯಲ್ಲಿ 300 ಡಾಲರ್ ಅಥವಾ ಹೆಚ್ಚು ಖರ್ಚು ಮಾಡಿ, 60 ದಿನದೊಳಗೆ ದೇಶ ಬಿಟ್ಟರೆ ಏರ್‌ಪೋರ್ಟ್‌ನಲ್ಲಿ ಜಿಎಸ್‌ಟಿ ವಾಪಸ್ ಸಿಗುತ್ತದೆ. ಅದು ಕೊಟ್ಟ ಬೆಲೆಯ ಹನ್ನೊಂದನೇ ಒಂದು ಭಾಗ, 3,300ರ ಗಿಟಾರ್‌ಗೆ 300 ಡಾಲರ್. ಗಿಟಾರನ್ನು ವಿಮಾನದ ಒಳಗೆ ಒಯ್ಯಲು ಬಿಡದಿದ್ದರೆ, ಲಗೇಜ್‌ಗೆ ಹಾಕುವ ಮೊದಲೇ ಗಡಿ ಅಧಿಕಾರಿಗಳಿಗೆ ತೋರಿಸಬೇಕು. ಊರಲ್ಲಿ ಇಳಿದ ಮೇಲೆ ಭಾರತದ ಕಸ್ಟಮ್ಸ್ ಮಿತಿ ಮೀರಿದ್ದರೆ ಬೆಂಗಳೂರಲ್ಲಿ ಸುಂಕ ಕಟ್ಟಬೇಕಾಗುತ್ತದೆ, ಅದನ್ನೂ ಸೇರಿಸಿ ಲೆಕ್ಕ ಹಾಕಿ. ಸೆಕೆಂಡ್ ಹ್ಯಾಂಡ್ ಆದರೆ ಮೊದಲು ಬ್ರಿಡ್ಜ್ (ತಂತಿಗಳನ್ನು ಹಲಗೆಗೆ ಕಟ್ಟುವ ಮರದ ತುಂಡು) ಹಿಂದೆ ಹಲಗೆ ಉಬ್ಬಿದೆಯಾ ನೋಡಿ, ಫ್ರೆಟ್ ಸವೆದಿದೆಯಾ ನೋಡಿ, ಆಮೇಲೆ ಕೇಬಲ್ ಹಾಕಿ ಗುಂಡಿಗಳನ್ನೆಲ್ಲ ಒಂದೊಂದಾಗಿ ತಿರುಗಿಸಿ. ಪಿಕಪ್, ಮೈಕ್ ಎರಡೂ ಬೇರೆ ಬೇರೆಯಾಗಿ ಕೆಲಸ ಮಾಡುತ್ತಿವೆಯಾ ಅಂತ ಕೇಳಿ ಖಚಿತ ಮಾಡಿಕೊಂಡ ಮೇಲೆಯೇ ಬೆಲೆ ಮಾತಾಡಿ.