ವಾಯಿದೆ ತಿಳಿಯಲು ಈಗ ಬಸ್ ಹತ್ತಬೇಕಿಲ್ಲ: ಇ-ಕೋರ್ಟ್ಸ್ ಮತ್ತು ಕೋರ್ಟ್ ಕಚೇರಿ, 6 ವರ್ಷ ಬಳಸಿದ ಮೇಲೆ

ನಮ್ಮ ಅಪ್ಪನ ಜಮೀನಿನ ಪಾಲು ವಿಭಾಗದ ದಾವೆ 2018ರಲ್ಲಿ ತಾಲ್ಲೂಕು ಕೋರ್ಟಿನಲ್ಲಿ ಶುರುವಾಯಿತು. ಅಪ್ಪನಿಗೆ ಮಂಡಿ ನೋವು. ಹಾಗಾಗಿ ಓಡಾಟವೆಲ್ಲ ನನ್ನ ಮೇಲೆ ಬಿತ್ತು. ಮೊದಲ ವರ್ಷ ನಾನು ಕೋರ್ಟಿಗೆ ಹೋದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಸಲ ಒಂದೇ ಪ್ರಶ್ನೆ ಕೇಳಲು ಹೋಗಿದ್ದೆ: ಮುಂದಿನ ವಾಯಿದೆ ಯಾವತ್ತು? ವಕೀಲರು ಬೇರೆ ಕೇಸಿನಲ್ಲಿರುತ್ತಿದ್ದರು, ಫೋನಿಗೆ ಸಿಗುತ್ತಿರಲಿಲ್ಲ. ಬೆಂಚ್ ಕ್ಲರ್ಕ್ ಮೇಜಿನ ಸುತ್ತ ಹತ್ತು ಹನ್ನೆರಡು ಜನ ಕತ್ತು ಚಾಚಿಕೊಂಡು ನಿಂತಿರುತ್ತಿದ್ದರು. ಡೈರಿ ತಿರುವಿ ತಾರೀಖು ಹೇಳಲು ಅವರಿಗೆ ಬೇಕಾದದ್ದು ಅರ್ಧ ನಿಮಿಷ. ನನಗೆ ಇಡೀ ದಿನ ಹೋಗುತ್ತಿತ್ತು.

2019ರಿಂದ ಇ-ಕೋರ್ಟ್ಸ್ ಸರ್ವಿಸಸ್ ಆ್ಯಪ್ ಬಳಸುತ್ತಿದ್ದೇನೆ. ಕೋರ್ಟಿನ ಕೇಸುಗಳ ವಿವರವನ್ನು ಫೋನಿನಲ್ಲೇ ತೋರಿಸುವ ಸರ್ಕಾರಿ ಆ್ಯಪ್ ಇದು. ಆದರೆ ಆ್ಯಪ್ ಬಗ್ಗೆ ಮಾತ್ರ ಬರೆದರೆ ಅರ್ಧ ಸತ್ಯ ಹೇಳಿದಂತೆ. ಅದರಲ್ಲಿ ಕಾಣುವ ಪ್ರತಿ ತಾರೀಖನ್ನೂ ಕೋರ್ಟ್ ಕಚೇರಿಯಲ್ಲಿ ಒಬ್ಬರು ಕೂತು ತುಂಬುತ್ತಾರೆ. ಅವರ ಕೆಲಸ ಚೆನ್ನಾಗಿದ್ದರೆ ಆ್ಯಪ್ ಚೆನ್ನಾಗಿರುತ್ತದೆ. ಅದಕ್ಕೇ ಇಲ್ಲಿ ಎರಡರ ಬಗ್ಗೆಯೂ ಬರೆಯುತ್ತಿದ್ದೇನೆ.

ಮೊದಲು ಸಿಎನ್‌ಆರ್ ಸಂಖ್ಯೆ, ಅಂದರೆ ಪ್ರತಿ ಕೇಸಿಗೂ ಕೊಡುವ ಅದರದ್ದೇ ಗುರುತಿನ ಸಂಖ್ಯೆ. ಕೋರ್ಟಿನಲ್ಲಿ ಕೇಸು ಇರುವ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ, ಅದು ನನಗೆ ಬೇಜಾರಿನ ವಿಷಯ. ಅಕ್ಷರ, ಅಂಕಿ ಸೇರಿ ಒಟ್ಟು 16. ಮೊದಲ 2 ಅಕ್ಷರ ರಾಜ್ಯದ್ದು, ಮುಂದಿನ 2 ಜಿಲ್ಲೆಯದ್ದು. ಆಮೇಲೆ ಯಾವ ಕೋರ್ಟ್ ಎಂದು ಹೇಳುವ 2 ಅಂಕಿ, 6 ಅಂಕಿಯ ಕ್ರಮಸಂಖ್ಯೆ, ಕೊನೆಗೆ ಕೇಸು ಹಾಕಿದ ವರ್ಷ. ಇದೊಂದು ಕೈಯಲ್ಲಿದ್ದರೆ ಯಾರನ್ನೂ ಕೇಳಬೇಕಿಲ್ಲ. ಮುಂದಿನ ವಾಯಿದೆ, ಕೇಸು ಯಾವ ಹಂತದಲ್ಲಿದೆ, ಹಿಂದಿನ ಪ್ರತಿ ವಾಯಿದೆಯ ದಿನ ಏನಾಯಿತು, ಎಲ್ಲ ಕಾಣುತ್ತದೆ. ಕಚೇರಿಯವರು ಅಪ್‌ಲೋಡ್ ಮಾಡಿದ್ದರೆ ಆದೇಶದ ಪಿಡಿಎಫ್ ಕೂಡ ಸಿಗುತ್ತದೆ. ನನಗೆ ಈ ಸಂಖ್ಯೆ ಕೊಟ್ಟವರು ಫೈಲಿಂಗ್ ಕೌಂಟರಿನ ಒಬ್ಬ ಹೆಣ್ಣುಮಗಳು. ನಾನು ಕೇಳಿರಲಿಲ್ಲ. ಪದೇಪದೇ ಬಂದು ನಿಲ್ಲುವುದನ್ನು ನೋಡಿ, ನನ್ನ ಬಸ್ ಟಿಕೆಟ್ಟಿನ ಹಿಂದೆಯೇ ಬರೆದುಕೊಟ್ಟರು. "ಇದನ್ನ ಜೋಪಾನವಾಗಿ ಇಟ್ಕೊಳ್ಳಿ, ಸುಮ್ನೆ ಯಾಕೆ ಅಲೀತೀರಾ" ಅಂದರು. ಆ ಟಿಕೆಟ್ ಇನ್ನೂ ಫೈಲಿನಲ್ಲಿದೆ.

ಸ್ಮಾರ್ಟ್‌ಫೋನ್ ಇಲ್ಲದವರಿಗೆ ಎಸ್‌ಎಂಎಸ್ ದಾರಿಯೂ ಇದೆ. ಇ-ಕೋರ್ಟ್ಸ್ ಎಂಬ ಪದವನ್ನು ಇಂಗ್ಲಿಷಿನಲ್ಲಿ ಅಡ್ಡಗೆರೆ ಇಲ್ಲದೆ ಒತ್ತಿ, ಒಂದು ಜಾಗ ಬಿಟ್ಟು, ಸಿಎನ್‌ಆರ್ ಸೇರಿಸಿ 9766899899ಕ್ಕೆ ಕಳುಹಿಸಬೇಕು. ಕೇಸಿನ ಸ್ಥಿತಿ ಮೆಸೇಜಿನಲ್ಲಿ ಬರುತ್ತದೆ.

2020ರ ಲಾಕ್‌ಡೌನ್‌ನಲ್ಲಿ ಇದರ ಬೆಲೆ ಚೆನ್ನಾಗಿ ಗೊತ್ತಾಯಿತು. ಕೋರ್ಟಿನ ಬಾಗಿಲು ಹಾಕಿತ್ತು. ವಾಯಿದೆಗಳು ಮುಂದಕ್ಕೆ ಹೋಗುತ್ತಲೇ ಇದ್ದವು. ಅಪ್ಪ ಮಾತ್ರ ನಮ್ಮ ಗೈರಿನಲ್ಲಿ ಏನೋ ಆಗಿಬಿಡುತ್ತದೆ ಎಂದು ರಾತ್ರಿ ನಿದ್ದೆ ಬಿಟ್ಟು ಕೂರುತ್ತಿದ್ದರು. ಫೋನಿನಲ್ಲಿ ಹೊಸ ತಾರೀಖು ತೋರಿಸಿದ ಮೇಲೆ ಮಲಗುತ್ತಿದ್ದರು.

ಇನ್ನು ಪೆಟ್ಟು ತಿಂದ ಕಥೆ. 2021ರಲ್ಲಿ ನಮ್ಮ ಕಡೆಯ ಸಾಕ್ಷಿಯ ವಿಚಾರಣೆ ಇತ್ತು. ನ್ಯಾಯಾಧೀಶರು ಕೊಟ್ಟ ತಾರೀಖು 8. ನಮ್ಮ ಕೋರ್ಟಿನ ಕಚೇರಿಯಲ್ಲಿ ತುಂಬುವಾಗ 18 ಎಂದು ಒತ್ತಿದ್ದರು. ನಾನು ಆ್ಯಪ್ ನೋಡಿ 18 ಎಂದೇ ನಂಬಿದ್ದೆ. ವಕೀಲರನ್ನೂ ಕೇಳಲಿಲ್ಲ. 8ರಂದು ನಮ್ಮ ಸಾಕ್ಷಿ ಇಲ್ಲ ಎಂದು ದಾಖಲಾಯಿತು. ಮತ್ತೆ ಅವಕಾಶ ಕೇಳಿ ಅರ್ಜಿ ಹಾಕಿ, ಅದಕ್ಕೆ ಕೋರ್ಟ್ ಹಾಕಿದ ಖರ್ಚಿನ ಹಣ (ಕಾಸ್ಟ್) ಕಟ್ಟಿ, ಎಪ್ಪತ್ತು ದಾಟಿದ ನಮ್ಮ ಮಾವನನ್ನು ಇನ್ನೊಂದು ದಿನ ಕರೆತಂದು ಕಟಕಟೆ ಹತ್ತಿಸಬೇಕಾಯಿತು.

ಕೋಪದಲ್ಲೇ ಕೋರ್ಟ್ ಕಚೇರಿಯ ಮುಖ್ಯಸ್ಥರಾದ ಶಿರಸ್ತೇದಾರರ ಹತ್ತಿರ ಹೋದೆ. ಅವರು ವಾದ ಮಾಡಲಿಲ್ಲ. ಕೇಸಿನ ಕಟ್ಟು ತರಿಸಿ, ಆರ್ಡರ್ ಶೀಟ್ ತೆಗೆದು, ಪಕ್ಕದಲ್ಲಿ ಕಂಪ್ಯೂಟರ್ ಪರದೆ ಇಟ್ಟುಕೊಂಡು ಎರಡನ್ನೂ ಬೆರಳಿಟ್ಟು ನೋಡಿದರು. "ತಪ್ಪು ನಮ್ಮದೇ" ಅಂದರು. ನನ್ನೆದುರೇ ತಿದ್ದಿಸಿದರು. ಅಷ್ಟಕ್ಕೇ ಬಿಡಲಿಲ್ಲ. ಕೆಲವು ವಾರದ ನಂತರ ಸಂಜೆ ಐದರ ಹೊತ್ತಿಗೆ ಹೋದಾಗ ಕಂಡದ್ದು ಇದು: ಬೆಂಚ್ ಕ್ಲರ್ಕ್ ಡೈರಿಯಿಂದ ಕೇಸ್ ನಂಬರ್, ತಾರೀಖು ಜೋರಾಗಿ ಓದುತ್ತಿದ್ದರು. ಇನ್ನೊಬ್ಬರು ಪರದೆ ನೋಡಿ "ಹ್ಞಾಂ, ಸರಿ" ಎನ್ನುತ್ತಿದ್ದರು. ಒಂದು ಕಡೆ ತಡೆದರು, ತಿದ್ದಿದರು, ಮುಂದೆ ಹೋದರು. ಅವತ್ತಿನ ಪಟ್ಟಿ ಪೂರ್ತಿ ತಾಳೆ ಆಗುವವರೆಗೂ ಯಾರೂ ಬ್ಯಾಗ್ ಎತ್ತಿಕೊಳ್ಳಲಿಲ್ಲ. ಅದಾದ ಮೇಲೆ ನಮ್ಮ ಕೇಸಿನಲ್ಲಿ ಒಂದು ತಾರೀಖೂ ತಪ್ಪಾಗಿಲ್ಲ. ಕೋರ್ಟ್ ಕಚೇರಿ ಜನರಿಗೆ ಮಾಡಬಹುದಾದ ದೊಡ್ಡ ಉಪಕಾರ ಯಾವುದು ಎಂದು ಕೇಳಿದರೆ ನಾನು ಹೊಸ ಕಟ್ಟಡ, ಹೊಸ ಯಂತ್ರ ಎನ್ನುವುದಿಲ್ಲ. ಆ ಸಂಜೆಯ ಹದಿನೈದು ನಿಮಿಷದ ತಾಳೆ ಎನ್ನುತ್ತೇನೆ.

ಮುಖ್ಯವಾದ ವಾಯಿದೆಯನ್ನು ಈಗಲೂ ವಕೀಲರ ಹತ್ತಿರ ಒಮ್ಮೆ ಖಾತ್ರಿ ಮಾಡಿಕೊಳ್ಳುತ್ತೇನೆ. ನೀವೂ ಹಾಗೇ ಮಾಡಿ.

ನಕಲು ವಿಭಾಗದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇಲ್ಲಿ ಜನ ಹಕ್ಕನ್ನೇ ಕಳೆದುಕೊಳ್ಳುತ್ತಾರೆ. 2024ರಲ್ಲಿ ನಮ್ಮ ತೀರ್ಪು ಬಂತು. ಒಂದು ಸರ್ವೆ ನಂಬರಿನ ವಿಷಯ ನಮಗೆ ಒಪ್ಪಿಗೆಯಾಗಲಿಲ್ಲ. ಮೇಲ್ಮನವಿ ಹಾಕಲು ಹೈಕೋರ್ಟಿಗಾದರೆ 90 ದಿನ, ಬೇರೆ ಕೋರ್ಟಿಗಾದರೆ 30 ದಿನ. ಡೌನ್‌ಲೋಡ್ ಮಾಡಿದ ಪಿಡಿಎಫ್ ಓದಿಕೊಳ್ಳಲು ಸಾಕು, ಮೇಲ್ಮನವಿಗೆ ಸಾಲದು. ದೃಢೀಕೃತ ನಕಲೇ ಬೇಕು. ನಕಲು ಪಡೆಯಲು ಹಿಡಿದ ಸಮಯವನ್ನು ಈ ದಿನಗಳ ಲೆಕ್ಕದಿಂದ ಬಿಡುತ್ತಾರೆ. ಕಾಲಮಿತಿ ಕಾಯ್ದೆಯ 12ನೇ ಸೆಕ್ಷನ್ ಇದನ್ನು ಹೇಳುತ್ತದೆ. ಆದರೆ ನೀವು ಅರ್ಜಿ ಕೊಡುವ ಮೊದಲು ಡಿಕ್ರಿ (ತೀರ್ಪಿನ ಪ್ರಕಾರ ಬರೆಯುವ ಅಂತಿಮ ಆಜ್ಞೆಯ ಪತ್ರ) ತಯಾರಿಸಲು ಕೋರ್ಟ್ ತೆಗೆದುಕೊಂಡ ದಿನಗಳನ್ನು ಬಿಡುವುದಿಲ್ಲ. "ಡಿಕ್ರಿ ಆಗಲಿ, ಆಮೇಲೆ ಅರ್ಜಿ ಕೊಡೋಣ" ಎಂದು ಮನೆಯಲ್ಲಿ ಕೂತರೆ ಆ ದಿನಗಳೆಲ್ಲ ನಿಮ್ಮ ಲೆಕ್ಕಕ್ಕೇ ಬೀಳುತ್ತವೆ. ಆದ್ದರಿಂದ ತೀರ್ಪು ಓದಿದ ದಿನವೇ ನಕಲು ಅರ್ಜಿ ಕೊಟ್ಟುಬಿಡಿ. ನಕಲಿನ ಕೊನೆಯ ಹಾಳೆಯಲ್ಲಿ ಒಂದು ಮೊಹರು ಇರುತ್ತದೆ: ಅರ್ಜಿ ಕೊಟ್ಟ ದಿನ, ನಕಲು ತಯಾರಾದ ದಿನ, ಕೈಗೆ ಕೊಟ್ಟ ದಿನ. ತೆಗೆದುಕೊಳ್ಳುವಾಗ ಆ ತಾರೀಖುಗಳು ಸರಿ ಇವೆಯೇ ಎಂದು ಅಲ್ಲೇ ನಿಂತು ನೋಡಿ.

ಮೊದಲೆಲ್ಲ ನಮ್ಮ ಕೋರ್ಟಿನ ನಕಲು ವಿಭಾಗದಲ್ಲಿ ಸಿಗುತ್ತಿದ್ದ ಉತ್ತರ "ಫೈಲ್ ಬಂದಿಲ್ಲ, ಮುಂದಿನ ವಾರ ಬನ್ನಿ". ಮುಂದಿನ ವಾರವೂ ಅದೇ. ಈಗ ಬಾಗಿಲ ಪಕ್ಕ ಬೋರ್ಡಿನಲ್ಲಿ ಎರಡು ಪಟ್ಟಿ ಅಂಟಿಸುತ್ತಾರೆ. ಒಂದು ತಯಾರಾದ ನಕಲುಗಳದ್ದು. ಇನ್ನೊಂದು ಬಾಕಿ ಇರುವವುಗಳದ್ದು, ಅದರಲ್ಲಿ ಕಾರಣವೂ ಇರುತ್ತದೆ: ಕಡತ ಕೋರ್ಟ್ ಹಾಲ್‌ನಲ್ಲಿದೆ, ಶುಲ್ಕ ಬಾಕಿ, ಡಿಕ್ರಿ ಆಗಬೇಕು. ಒಂದು ಹಾಳೆ ಕಾಗದ, ಎರಡು ಚೂರು ಗೋಂದು. ಆದರೆ ಕಾರಣ ಗೊತ್ತಾದರೆ ಮನುಷ್ಯನಿಗೆ ಕಾಯುವುದು ಅಷ್ಟು ಕಷ್ಟವಲ್ಲ ಅಲ್ವಾ? ಶುಲ್ಕ ಬಾಕಿ ಎಂದು ಕಂಡರೆ ಅಲ್ಲೇ ಕಟ್ಟಿ ಬರಬಹುದು. ಕಿಟಕಿಯಲ್ಲಿ ಜಗಳವೂ ಕಡಿಮೆಯಾಗಿದೆ. ಆದರೂ ಅಲ್ಲಿ ಕೆಲಸ ಮಾಡುವುದು ಒಬ್ಬರೇ. ಅವರು ರಜೆ ಹಾಕಿದರೆ ಪಟ್ಟಿಗೂ ರಜೆ.

ಇ-ಸೇವಾ ಕೇಂದ್ರ ನಮ್ಮಲ್ಲಿ ತಡವಾಗಿ ಬಂತು. ಕೇಸಿನ ಮಾಹಿತಿ, ಆನ್‌ಲೈನ್‌ನಲ್ಲಿ ಕೇಸು ಹಾಕಲು (ಇ-ಫೈಲಿಂಗ್) ಸಹಾಯ, ನಕಲಿಗೆ ಆನ್‌ಲೈನ್ ಅರ್ಜಿ, ಜೈಲಿನಲ್ಲಿರುವವರ ಭೇಟಿಗೆ ಸಮಯ ಕಾಯ್ದಿರಿಸುವುದು, ಉಚಿತ ಕಾನೂನು ನೆರವಿನ ಮಾಹಿತಿ, ಇವೆಲ್ಲ ಇಲ್ಲಿ ಸಿಗಬೇಕು. ಹೆಂಗಸರು, ಪರಿಶಿಷ್ಟ ಜಾತಿ, ಪಂಗಡದವರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಕೇಳಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಈ ಹಕ್ಕು ಕೊಟ್ಟಿದೆ. ಸಹಾಯವಾಣಿ 15100. ನಮ್ಮ ಕೇಂದ್ರದ ಹುಡುಗ ಇದನ್ನು ಬಂದ ಪ್ರತಿ ಹೆಣ್ಣುಮಗಳಿಗೂ ತಾನಾಗಿಯೇ ಹೇಳುತ್ತಾನೆ. ಒಂದು ದಿನ ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ಮಡಚಿದ ಸಮನ್ಸ್ ಕೊಟ್ಟರು. ಆ ಹುಡುಗ ಅದನ್ನು ನಿಧಾನವಾಗಿ ಕನ್ನಡದಲ್ಲಿ ಓದಿ ಹೇಳಿದ. ಬಿಳಿ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ತಾರೀಖು, ವಾರ, ಹಾಲ್ ನಂಬರ್ ಬರೆದ. ಕೊನೆಗೆ ಎದ್ದು ಬಂದು ಹಾಲ್ ಎಲ್ಲಿದೆ ಎಂದು ಕೈ ಮಾಡಿ ತೋರಿಸಿದ. ಆ್ಯಪ್ ಆ ಅಜ್ಜಿಗೆ ಇಷ್ಟನ್ನು ಮಾಡಿಕೊಡಲಾರದು.

ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ ಕೇಂದ್ರ ಸಂಪುಟ 2023ರ ಸೆಪ್ಟೆಂಬರ್‌ನಲ್ಲಿ 7,210 ಕೋಟಿ ರೂಪಾಯಿ ಒಪ್ಪಿದೆ. ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವುದು ಅದರ ದೊಡ್ಡ ಕೆಲಸಗಳಲ್ಲಿ ಒಂದು. ಮಾಡಲಿ, ಬೇಕು. ಜೊತೆಗೆ ಆ ಹುಡುಗನಂಥವರ ಕುರ್ಚಿ ಖಾಲಿ ಬೀಳದಂತೆಯೂ ನೋಡಿಕೊಳ್ಳಲಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕೇಸು ಬೇಗ ಮುಗಿಯಿತೇ ಎಂದರೆ ಇಲ್ಲ. ಮುಂದೂಡುವುದು, ವಕೀಲರು ಸಮಯ ಕೇಳುವುದು ಕಚೇರಿಯ ಕೈಯಲ್ಲಿಲ್ಲ. ಕಡಿಮೆಯಾದದ್ದು ಅಲೆದಾಟ. ಈಗ ಕೋರ್ಟಿನಲ್ಲಿ ನಿಜವಾಗಿ ಕೆಲಸ ಇರುವ ದಿನ ಮಾತ್ರ ಹೋಗುತ್ತೇನೆ. ಒಂದು ಅಂಕ ಕಡಿಮೆ ಮಾಡಿದ್ದಕ್ಕೆ ಕಾರಣ ಭಾಷೆ. ಪ್ರತಿ ವಾಯಿದೆಯ ನಡಾವಳಿಯನ್ನು ನಮ್ಮ ಕೋರ್ಟಿನಲ್ಲಿ ಇಂಗ್ಲಿಷಿನ ತುಂಡು ಪದಗಳಲ್ಲಿ ತುಂಬುತ್ತಾರೆ. ಅಪ್ಪ ಕನ್ನಡ ಪೇಪರನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವ ಮನುಷ್ಯ. ತಮ್ಮದೇ ಕೇಸಿನಲ್ಲಿ ಏನಾಯಿತು ಎಂದು ತಿಳಿಯಲು ನನ್ನನ್ನು ಕೇಳಬೇಕು.

ಮೇಲ್ಮನವಿಗೆ ಬೇರೆ ಸಿಎನ್‌ಆರ್ ಬಂದಿದೆ. ಅದನ್ನೂ ಆ್ಯಪ್‌ನಲ್ಲಿ ಸೇರಿಸಿಕೊಂಡಿದ್ದೇನೆ. ಶಿರಸ್ತೇದಾರರಿಗೆ ಕೊಡಲು ಒಂದು ಮನವಿ ಬರೆದಿದ್ದೇನೆ. ನಡಾವಳಿಯಲ್ಲಿ ಕನ್ನಡದಲ್ಲಿ ಒಂದೇ ಒಂದು ಸಾಲು ಸೇರಿಸಿ, ಸಮನ್ಸಿನ ಮೇಲ್ಭಾಗದಲ್ಲಿ ಸಿಎನ್‌ಆರ್ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ, ಇಷ್ಟೇ ಕೇಳಿರುವುದು. ಅಪ್ಪನೂ ಸಹಿ ಮಾಡಿದ್ದಾರೆ. ಬರುವ ಸೋಮವಾರ ಕೊಟ್ಟು ಬರುತ್ತೇನೆ.