ಪೆಪ್ಟೈಡ್ ಇಂಜೆಕ್ಷನ್ ಚುಚ್ಚಿಕೊಳ್ಳುವ ಮೊದಲು ಸೀಸೆಯ ಮೇಲಿರುವುದನ್ನು ಓದಿ

ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತೇನೆ, ನನಗೆ ಪೆಪ್ಟೈಡ್ ಮಾರಿದವನ ಕೈಗೆ ಇನ್ನೊಬ್ಬರು ಸಿಕ್ಕಬಾರದು.

ನನಗೆ ಓಟದ ಹುಚ್ಚು. ಹಿಮ್ಮಡಿ ಮೇಲಿನ ಅಕಿಲಿಸ್ ಟೆಂಡನ್ (ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಹುರಿ) ನೋವು ಶುರುವಾಯಿತು. ಬೆಳಗ್ಗೆ ಎದ್ದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಜೀವ ಹೋಗುತ್ತಿತ್ತು. ಫಿಸಿಯೋ ಹೇಳಿದ್ದು ಇಷ್ಟೇ: ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸಿ. ಮಂಡಿ ನೆಟ್ಟಗಿಟ್ಟು 15ರಂತೆ ಮೂರು ಸಲ, ಬಗ್ಗಿಸಿ ಮೂರು ಸಲ. ದಿನಕ್ಕೆ ಎರಡು ಹೊತ್ತು, 12 ವಾರ.

12 ವಾರ! ನನಗೆ ಅಷ್ಟು ತಾಳ್ಮೆ ಇರಲಿಲ್ಲ. ಆಗ ಸಿಕ್ಕಿದ ಈ 'ರಿಕವರಿ ಎಕ್ಸ್‌ಪರ್ಟ್'. ಬಿಪಿಸಿ-157 ಅಂತ ಒಂದು ಪೆಪ್ಟೈಡ್ (ಪ್ರೋಟೀನಿನ ಸಣ್ಣ ತುಣುಕಿನಂಥದ್ದು) ತಗೊಳ್ಳಿ, ಜೊತೆಗೆ ಟಿಬಿ-500 ಅನ್ನೋ ಇನ್ನೊಂದು ಪೆಪ್ಟೈಡ್ ಹಾಕಿದರೆ ಇನ್ನೂ ಬೇಗ, "ಎರಡೇ ವಾರ ಸರ್, ಮತ್ತೆ ಓಡ್ತೀರಿ" ಎಂದ. ದುಡ್ಡು ಮೊದಲೇ ಹಾಕಿಸಿಕೊಂಡ.

ಬಂದದ್ದೇನು? ಬೆರಳುದ್ದದ ಗಾಜಿನ ಸೀಸೆಗಳು, ತಳದಲ್ಲಿ ಬಿಳಿ ಪುಡಿ, ಕಲಸಲು ನೀರು, ಇನ್ಸುಲಿನ್ ಸಿರಿಂಜ್. ಡಾಕ್ಟರ್ ಚೀಟಿ ಇಲ್ಲ, ಏನೂ ಇಲ್ಲ. ನಾನೇ ಕಲಸಿದೆ, ನಾನೇ ಹೊಟ್ಟೆಗೆ ಚುಚ್ಚಿಕೊಂಡೆ. ಮೂರು ವಾರ. ನೋವು ಇದ್ದ ಹಾಗೇ ಇತ್ತು.

ಒಂದು ರಾತ್ರಿ ಸೀಸೆಯನ್ನು ಬೆಳಕಿಗೆ ತಿರುಗಿಸಿ ಹಿಡಿದಾಗ ಹಿಂಬದಿಯ ಸಣ್ಣ ಅಕ್ಷರ ಕಂಡಿತು. ಸಂಶೋಧನೆಗೆ ಮಾತ್ರ. ಮನುಷ್ಯರ ಬಳಕೆಗೆ ಅಲ್ಲ. ಎರಡು ಸಲ ಓದಿದೆ. ಕೈ ತಣ್ಣಗಾಯಿತು. ಇದನ್ನೇ ಮೂರು ವಾರದಿಂದ ಮೈಗೆ ಚುಚ್ಚಿಕೊಳ್ಳುತ್ತಿದ್ದೆ!

ಕೇಳಿದರೆ, "ಅದು ಸುಮ್ನೆ ಫಾರ್ಮಾಲಿಟಿ ಸರ್."

ಅಧ್ಯಯನ ತೋರಿಸು ಎಂದೆ. ಕಳಿಸಿದ್ದೆಲ್ಲ ಇಲಿಗಳ ಮೇಲಿನದು. "ಇಲಿಗೂ ಟೆಂಡನ್ ಇರುತ್ತೆ ಅಲ್ವಾ ಸರ್?"

ನೋವು ಹೋಗಿಲ್ಲ ಎಂದೆ. "ಡೋಸ್ ಜಾಸ್ತಿ ಮಾಡಿ."

ದುಡ್ಡು ವಾಪಸ್ ಕೊಡು ಎಂದೆ. ಆಗ ಬಂತು ನೋಡಿ: "ಮನುಷ್ಯರಿಗೆ ಅಲ್ಲ ಅಂತ ಬರೆದೇ ಇದೆಯಲ್ಲ ಸರ್, ನೀವ್ಯಾಕೆ ಚುಚ್ಚಿಕೊಂಡ್ರಿ?"

ನೀವ್ಯಾಕೆ ಚುಚ್ಚಿಕೊಂಡ್ರಿ! ಹೊಟ್ಟೆಯ ಯಾವ ಜಾಗಕ್ಕೆ ಚುಚ್ಚಬೇಕು ಅಂತ ವಿಡಿಯೋ ಕಳಿಸಿದವನೇ ಇವನು. ಆ ಸಾಲು ಈಗಲೂ ತಲೆಯಲ್ಲಿ ಕೊರೆಯುತ್ತಿದೆ. ಆ ಚೀಟಿ ಅಂಟಿಸಿರುವುದೇ ಇವನಂಥವರು ನುಣುಚಿಕೊಳ್ಳಲು.

ಆಮೇಲೆ ಹುಡುಕಿದೆ, ಮೊದಲೇ ಹುಡುಕಬೇಕಿತ್ತು. ಬಿಪಿಸಿ-157ಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮನುಷ್ಯರ ಚಿಕಿತ್ಸೆಗೆ ಒಪ್ಪಿಗೆಯನ್ನೇ ಕೊಟ್ಟಿಲ್ಲ. 2022ರಿಂದ ಕ್ರೀಡೆಯಲ್ಲಿ ಡೋಪಿಂಗ್ ತಡೆಯುವ ವಿಶ್ವ ಸಂಸ್ಥೆ ವಾಡಾದ ನಿಷೇಧಿತ ಪಟ್ಟಿಯಲ್ಲಿದೆ, ಟಿಬಿ-500 ಕೂಡ ನಿಷೇಧಿತ. ಸ್ಪರ್ಧೆಗೆ ಇಳಿಯುವವರು ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದರೆ ಇವನು ಬಂದು ಉತ್ತರ ಕೊಡುತ್ತಾನಾ? ಇನ್ನು ಸೀಸೆಯಲ್ಲಿ ನಿಜವಾಗಿ ಏನಿದೆ ಎಂದು ಪರೀಕ್ಷೆ ಮಾಡಿದವರು ಯಾರು? ನಾನು ಬೇಡವೆಂದ ಆ ಮೆಟ್ಟಿಲ ವ್ಯಾಯಾಮವೋ, 1998ರಲ್ಲೇ ಸ್ವೀಡನ್‌ನ ಆಲ್ಫ್ರೆಡ್‌ಸನ್ ತಂಡ ನನ್ನಂಥ ಓಟಗಾರರ ಮೇಲೇ ಮಾಡಿ ತೋರಿಸಿದ್ದು. ಇಲಿಗಳ ಮೇಲಲ್ಲ, ಮನುಷ್ಯರ ಮೇಲೆ.

"ಎರಡೇ ವಾರ" ಎಂದವನನ್ನು ಅಲ್ಲೇ ಬಿಟ್ಟು ಬನ್ನಿ. ಮನುಷ್ಯರ ಮೇಲೆ ಆದ ಪರೀಕ್ಷೆ ತೋರಿಸದಿದ್ದರೆ ಒಂದು ಪೈಸೆಯೂ ಕೊಡಬೇಡಿ. ಈಗಾಗಲೇ ಚುಚ್ಚಿಕೊಂಡಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ. ನಾನು ಹೇಳಿದೆ, ತಲೆ ತಗ್ಗಿಸಿಕೊಂಡೇ ಹೇಳಿದೆ.

ಈಗ ಮೆಟ್ಟಿಲ ಮೇಲೆ ಐದನೇ ವಾರ. ಅವನು ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ.